ಮೂರನೇ ರಿಂಗಿನ ಗಡಿಯಾರ: ಇಂಗ್ಲೆಂಡಿನ ಹಳ್ಳಿ ಮೇಳದಲ್ಲಿ ನಾಯಿ ಅಜಿಲಿಟಿಯ ಒಂದು ದಿನ

ಆಗಸ್ಟ್ ತಿಂಗಳ ಒಂದು ಭಾನುವಾರ, ದಕ್ಷಿಣ ಇಂಗ್ಲೆಂಡಿನ ಹಳ್ಳಿ ಮೇಳ. ಒಂದು ಕಡೆ ಕುರಿ, ದನಗಳ ಪ್ರದರ್ಶನ. ಇನ್ನೊಂದು ಕಡೆ ಹಳೆಯ ಉಗಿ ಎಂಜಿನ್‌ಗಳು, ಗಿಡುಗ ಹಾರಿಸುವವರು, ಜಾಮ್ ಮತ್ತು ಕೇಕ್ ಸ್ಪರ್ಧೆಯ ಡೇರೆ. ಮೈದಾನದ ಮೂಲೆಯಲ್ಲಿ ಹಗ್ಗ ಕಟ್ಟಿದ ಮೂರನೇ ರಿಂಗು ನಾಯಿಗಳ ಅಜಿಲಿಟಿಗೆ ಮೀಸಲು. ಹತ್ತಿರದ ಊರಿನ ತರಬೇತಿ ಕ್ಲಬ್ಬು 48 ನಾಯಿಗಳ ಎರಡು ಸುತ್ತನ್ನು ಬೆಳಗ್ಗೆ 10ರಿಂದ 12:30ರೊಳಗೆ ಮುಗಿಸುವುದಾಗಿ ಒಪ್ಪಿಕೊಂಡಿತ್ತು. ಶುರುವಾದದ್ದು 10:35ಕ್ಕೆ. ಮೊದಲ ಸುತ್ತು ಮುಗಿಯುವಾಗಲೇ 12:20. ಎರಡನೇ ಸುತ್ತು ರದ್ದಾಯಿತು. ಓಡಿದ 48ರಲ್ಲಿ 21 ನಾಯಿಗಳು ಎಲಿಮಿನೇಟ್ ಆದವು, ಅಂದರೆ ಸ್ಪರ್ಧೆಯಿಂದ ಹೊರಬಿದ್ದವು; ಮೂರು ನಾಯಿಗಳು ಹಗ್ಗದಡಿ ನುಸುಳಿ ಜನರ ನಡುವೆ ಸೇರಿಕೊಂಡವು. ಮಧ್ಯಾಹ್ನ, ಮೇಳಕ್ಕೆ ಬಂದವರ ನಾಯಿಗಳಿಗೂ ಆಡಲು ಬಿಡುವ ಹೊತ್ತಿನಲ್ಲಿ, ಒಂದು ಸ್ಪೇನಿಯಲ್‌ನ ಕಾಲುಗುರು ಕಿತ್ತುಬಂತು.

ಇದು ಯಾವುದೋ ಒಂದು ಮೇಳದ ವರದಿಯಲ್ಲ. ಇಂಥ ಮೇಳಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆಗಳನ್ನು ಒಂದೇ ದಿನಕ್ಕೆ ತಂದು ಕಟ್ಟಿದ ಪ್ರಕರಣ. ಅಂಕಿಗಳನ್ನು ಲೆಕ್ಕ ಹಾಕಿ ತೋರಿಸುವುದಕ್ಕಾಗಿ ಇಟ್ಟುಕೊಂಡಿದ್ದೇವೆ. ಅಳತೆಗಳು, ನಿಯಮಗಳು ಮಾತ್ರ ನಿಜವಾದವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕೃಷಿ ಮೇಳಗಳಲ್ಲೋ ಮೈಸೂರು ದಸರಾದ ಮುದ್ದು ಪ್ರಾಣಿ ಪ್ರದರ್ಶನದಲ್ಲೋ ನಾಯಿಯ ತಳಿ, ಮೈಕಟ್ಟು, ನಡಿಗೆ ನೋಡಿ ಬಹುಮಾನ ಕೊಡುತ್ತಾರಲ್ಲ, ಅಜಿಲಿಟಿ ಅದಲ್ಲ. ಇಲ್ಲಿ ನಾಯಿ ಬೀದಿಯದೋ ಅರಮನೆಯದೋ ಯಾರೂ ಕೇಳುವುದಿಲ್ಲ. ನಂಬರ್ ಹಾಕಿದ ಅಡೆತಡೆಗಳನ್ನು ಅದೇ ಕ್ರಮದಲ್ಲಿ, ಲೀಶ್ (ನಾಯಿಯನ್ನು ಹಿಡಿಯುವ ಹಗ್ಗ) ಇಲ್ಲದೆ, ಗೊತ್ತಾದ ಸಮಯದೊಳಗೆ ದಾಟಬೇಕು. ಜೊತೆಗೆ ಓಡುವ ಹ್ಯಾಂಡ್ಲರ್ ಕೈಸನ್ನೆ ಮಾಡಬಹುದು, ಕೂಗಬಹುದು. ನಾಯಿಯನ್ನಾಗಲಿ ಅಡೆತಡೆಯನ್ನಾಗಲಿ ಮುಟ್ಟುವಂತಿಲ್ಲ, ತಿಂಡಿ ತೋರಿಸುವಂತಿಲ್ಲ. 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಕ್ರಫ್ಟ್ಸ್ ಎಂಬ ನಾಯಿಗಳ ಪ್ರದರ್ಶನದಲ್ಲಿ, ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬಿಸಲು ಪ್ರದರ್ಶನ ಸಮಿತಿಯ ಜಾನ್ ವಾರ್ಲಿ ಇದನ್ನು ಯೋಚಿಸಿದರು. ಅಡೆತಡೆಗಳನ್ನು ರೂಪಿಸಿಕೊಟ್ಟವರು ನಾಯಿ ತರಬೇತಿದಾರ ಪೀಟರ್ ಮೀನ್‌ವೆಲ್. ಮಾದರಿ ಕುದುರೆ ಜಂಪಿಂಗ್‌ನದು. 1980ರಲ್ಲಿ, ನಾಯಿಗಳ ತಳಿ ಮತ್ತು ಸ್ಪರ್ಧೆಗಳನ್ನು ನೋಡಿಕೊಳ್ಳುವ ಬ್ರಿಟನ್ನಿನ ಸಂಸ್ಥೆ ಕೆನೆಲ್ ಕ್ಲಬ್ ನಿಯಮಾವಳಿ ಮಾಡಿತು. ಜನರ ಬೇಸರ ಕಳೆಯಲು ಹುಟ್ಟಿದ ಆಟವಾದ್ದರಿಂದ ಹಳ್ಳಿ ಮೇಳಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತದೆ ಎಂದುಕೊಳ್ಳುತ್ತೇವೆ. ಕ್ಲಬ್ಬಿನವರೂ ಹಾಗೇ ಅಂದುಕೊಂಡಿದ್ದರು.

ಗಡಿಯಾರದ ಲೆಕ್ಕ

ಕಾರ್ಯದರ್ಶಿಯ ಲೆಕ್ಕ ಸರಳವಾಗಿತ್ತು. ಒಂದು ನಾಯಿಯ ಓಟ 40 ಸೆಕೆಂಡು. 48 ನಾಯಿ, ಎರಡು ಸುತ್ತು. ಅಂದರೆ 64 ನಿಮಿಷ. ಎರಡೂವರೆ ಗಂಟೆ ಧಾರಾಳ.

ಆದರೆ ರಿಂಗಿನ ಸಮಯವನ್ನು ತಿನ್ನುವುದು ಓಟವಲ್ಲ, ಓಟಗಳ ನಡುವಿನ ಸಂದು. ಮುಗಿಸಿದ ನಾಯಿಗೆ ಲೀಶ್ ಹಾಕಬೇಕು. ನಾಯಿ ಹಾರುವಾಗ ಹರ್ಡಲ್‌ನಿಂದ ಬಿದ್ದ ಕೋಲು ಎತ್ತಿಡಬೇಕು. ಮುಂದಿನವರು ಒಳಗೆ ಬಂದು ನಾಯಿಯನ್ನು ಕೂರಿಸಿ, ಲೀಶ್ ಬಿಚ್ಚಿ, ಸ್ಕೋರ್ ಬರೆಯುವವರ 'ಸರಿ' ಸಿಗುವತನಕ ಕಾಯಬೇಕು. ಚೆನ್ನಾಗಿ ನಡೆಯುವ ರಿಂಗಿನಲ್ಲೂ ಇದಕ್ಕೆ 30 ಸೆಕೆಂಡು ಹಿಡಿಯುತ್ತದೆ. ಅಲ್ಲಿಗೆ ಒಂದು ನಾಯಿಗೆ 70 ಸೆಕೆಂಡು, 48ಕ್ಕೆ 56 ನಿಮಿಷ. ನಾಯಿಗಳ ಎತ್ತರಕ್ಕೆ ತಕ್ಕ ವರ್ಗಗಳು ನಾಲ್ಕು, ಆದ್ದರಿಂದ ಕೋಲುಗಳನ್ನು ಮೂರು ಸಲ ಏರಿಸಬೇಕು. ಸಲಕ್ಕೆ 4 ನಿಮಿಷದಂತೆ 12. ಓಡುವ ಮೊದಲು ಹ್ಯಾಂಡ್ಲರ್‌ಗಳು ನಾಯಿ ಇಲ್ಲದೆ ಹಾದಿಯನ್ನು ನಡೆದು ನೋಡುವುದಕ್ಕೆ 10. ಒಂದು ಸುತ್ತಿಗೆ 78 ನಿಮಿಷ. ಎರಡಕ್ಕೆ 156, ನಡುವೆ ಹಾದಿ ಬದಲಿಸಲು 20. ಎಲ್ಲವೂ ಎಣಿಸಿದ ಹಾಗೆ ನಡೆದರೂ ಮೂರು ಗಂಟೆಗೆ ನಾಲ್ಕೇ ನಿಮಿಷ ಕಮ್ಮಿ. ಮೇಳ ಕೊಟ್ಟಿದ್ದು 150 ನಿಮಿಷ. ಕಾರ್ಯಕ್ರಮ ಪಟ್ಟಿ ಅಚ್ಚಾದ ದಿನವೇ ಎರಡನೇ ಸುತ್ತು ಸತ್ತಿತ್ತು. ಯಾರೂ ಗುಣಾಕಾರ ಮಾಡಿರಲಿಲ್ಲ, ಅಷ್ಟೆ.

ಆಮೇಲೆ ಗೇಟಿನ ವಿಷಯ. ಜನ ಒಳಗೆ ಬರುವ ಮೊದಲು ಎಲ್ಲ ವಾಹನಗಳೂ ಮೈದಾನ ಬಿಡಬೇಕು. ಈ ಮೇಳದಲ್ಲಿ ಗಡುವು 9 ಗಂಟೆ. ಕ್ಲಬ್ಬಿನ ಟ್ರೇಲರ್ ಗೇಟಿಗೆ ಬಂದದ್ದು 8:40ಕ್ಕೆ. ನಾಯಿ ಹತ್ತಿ ಇಳಿಯುವ ಎ-ಫ್ರೇಮ್ ಮತ್ತು ಸೇತುವೆಯಂತೆ ದಾಟುವ ಡಾಗ್ ವಾಕ್‌ನ ಹಲಗೆಗಳಷ್ಟನ್ನೇ ರಿಂಗಿನ ಹತ್ತಿರ ಇಳಿಸಿದರು. ಉಳಿದದ್ದನ್ನು ಗದ್ದೆಯ ಅಂಚಿನಿಂದ ಸುಮಾರು 300 ಮೀಟರು ಕೈಯಲ್ಲಿ ಹೊರಬೇಕಾಯಿತು. ಆರು ಜನ ಸೇರಿದರೆ ಒಂದು ರಿಂಗಿನ ಸಾಮಾನು ಜೋಡಿಸಲು 45ರಿಂದ 50 ನಿಮಿಷ. ಹೊರುವುದು ಸೇರಿ ಅದು ಒಂದೂವರೆ ಗಂಟೆಯಾಯಿತು. ಟ್ರೇಲರ್ ತುಂಬಿದ ಕ್ರಮವೂ ತಪ್ಪಾಗಿತ್ತು. ಭಾರವಾದ ಮರಳು ಚೀಲಗಳು ತಳದಲ್ಲಿ, ಅವುಗಳ ಮೇಲೆ ನಾಯಿ ನುಸುಳಿ ಹೋಗುವ ಕೊಳವೆಗಳು, ಅಂದರೆ ಟನಲ್‌ಗಳು. ಟನಲ್ ಹಾಸುವ ಹೊತ್ತಿಗೆ ಅದನ್ನು ಹಿಡಿದಿಡುವ ಚೀಲ ಸಿಗಲಿಲ್ಲ, ಗಾಳಿಗೆ ಟನಲ್ಲು ಉರುಳುತ್ತಾ ಕುರಿಗಳ ಬೇಲಿಯತ್ತ ಹೊರಟಿತು.

ಹೀಗಾಗಿ ಹೇಳುವುದು: ಮೇಳದ ಕಚೇರಿಗೆ ಒಪ್ಪಿಗೆ ಕೊಡುವ ಮೊದಲು ನಾಯಿಗಳ ಸಂಖ್ಯೆಯನ್ನು ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಗೊತ್ತುಮಾಡಬೇಕು. ಕೈಯಲ್ಲಿರುವುದು 150 ನಿಮಿಷ. ಅಡಚಣೆಗೆಂದು 20 ನಿಮಿಷ ಪಕ್ಕಕ್ಕಿಟ್ಟರೆ 130. ಎರಡು ಸುತ್ತು ಬೇಕೇಬೇಕು ಎಂದಾದರೆ ನಡಿಗೆ, ಏರಿಸುವಿಕೆ, ಬದಲಾವಣೆಗೆ 64 ಹೋಗಿ ಓಟಕ್ಕೆ ಉಳಿಯುವುದು 66. ಅಂದರೆ 28 ನಾಯಿ. ಬಂದವರಿಗೆಲ್ಲ ಅವಕಾಶ ಕೊಡಬೇಕು ಎನ್ನುವ ಒಳ್ಳೆಯ ಮನಸ್ಸಿಗೆ ಇಲ್ಲಿ ಜಾಗವಿಲ್ಲ. 48 ಜನರಿಂದ ಎರಡು ಸುತ್ತಿನ ಪ್ರವೇಶ ಶುಲ್ಕ ಪಡೆದು ಒಂದೇ ಸುತ್ತು ಓಡಿಸಿದರೆ ಅರ್ಧ ಹಣ ವಾಪಸು ಕೊಡಬೇಕು, ಬೈಗುಳವನ್ನೂ ಕೇಳಬೇಕು.

ನೆಲ

ಕೆನೆಲ್ ಕ್ಲಬ್ ಪರವಾನಗಿ ಇರುವ ಸ್ಪರ್ಧೆಗೆ ರಿಂಗು ಕನಿಷ್ಠ 32 ಮೀ. × 32 ಮೀ. ಇರಬೇಕು. ಇದು ಪರವಾನಗಿ ಇಲ್ಲದ ಮೋಜಿನ ಸ್ಪರ್ಧೆ, ಆದರೂ ಕ್ಲಬ್ಬು ಅದೇ ಅಳತೆ ಕೇಳಿತ್ತು, ಸಿಕ್ಕಿತು ಕೂಡ. ನೆಲ ಹೇಗಿದೆ ಎಂದು ಮಾತ್ರ ಯಾರೂ ಹೋಗಿ ನೋಡಿರಲಿಲ್ಲ. ಹುಲ್ಲುಗಾವಲು, ಹಿಂದಿನ ದಿನವಷ್ಟೇ ಕೊಯ್ದದ್ದು. ಉತ್ತರದಿಂದ ದಕ್ಷಿಣಕ್ಕೆ ಸಣ್ಣ ಇಳಿಜಾರು. ಎರಡು ಮೊಲದ ಬಿಲ. ಮಳೆ ಕಾಣದೆ ಗಟ್ಟಿಯಾದ ಮಣ್ಣು. ಕೊಯ್ದ ಹುಲ್ಲಿನಲ್ಲಿ ಈಟಿಯಂತೆ ಚೂಪಾದ ತೆನೆಬೀಜಗಳು. ಇವು ನಾಯಿಯ ಕಾಲ್ಬೆರಳ ಸಂದಿಯಲ್ಲಿ, ಕಿವಿಯಲ್ಲಿ ಹೊಕ್ಕರೆ ಒಳಗೆ ಒಳಗೇ ಸಾಗುತ್ತವೆ, ತಾವಾಗಿ ಹೊರಗೆ ಬರುವುದಿಲ್ಲ. ಸ್ಪೇನಿಯಲ್‌ನಂಥ ಜೋತು ಕಿವಿಯ, ಪಾದದ ತುಂಬ ಕೂದಲಿರುವ ನಾಯಿಗಳಿಗೆ ಇದರ ಕಾಟ ಹೆಚ್ಚು.

ಹುಲ್ಲನ್ನು ಒಂದು ವಾರ ಮೊದಲು ಕೊಯ್ದು, ಬಿದ್ದದ್ದನ್ನು ಬಾಚಿ ತೆಗೆದು, ಮೇಳದ ಹಿಂದಿನ ದಿನ ಇನ್ನೊಮ್ಮೆ ಗಿಡ್ಡವಾಗಿ ಕತ್ತರಿಸಿದ್ದರೆ ಇದು ಮುಗಿಯುತ್ತಿತ್ತು. ಬಿಲಗಳಿಗೆ ಮಣ್ಣು ತುಂಬಿ ತುಳಿಯಬೇಕು. ಮೇಲೆ ಹುಲ್ಲು ಮುಚ್ಚಿ ಬಿಟ್ಟರೆ ಅದು ಬಲೆ. ಮಣ್ಣಿನ ಗಟ್ಟಿತನಕ್ಕೆ ನೀರು ಬಿಡುವುದೊಂದೇ ದಾರಿ, ಬೇಸಿಗೆಯ ಗದ್ದೆಯಲ್ಲಿ ಅದು ಸಾಧ್ಯವಾಗುವುದು ಅಪರೂಪ. ಆಗ ಕೋಲುಗಳನ್ನು ಒಂದು ಮೆಟ್ಟಿಲು ಇಳಿಸುವುದು. ನಿಯಮದಂತೆ ಹೆಗಲ ಎತ್ತರ 350 ಮಿ.ಮೀ. ಒಳಗಿರುವ ನಾಯಿಗೆ 300 ಮಿ.ಮೀ. ಕೋಲು, 350ರಿಂದ 430ರವರೆಗೆ 400, 500ರವರೆಗೆ 500, ಅದಕ್ಕೂ ಎತ್ತರದವಕ್ಕೆ 600. ಮೋಜಿನ ಸ್ಪರ್ಧೆಯಲ್ಲಿ ಎಲ್ಲರಿಗೂ 100 ಮಿ.ಮೀ. ಇಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಗಟ್ಟಿ ನೆಲದ ಮೇಲೆ ಇಳಿಯುವ ಪೆಟ್ಟು ನೇರ ಮುಂಗಾಲಿಗೆ, ಹೆಗಲಿಗೆ. ಅಂದು ಯಾರೂ ಇಳಿಸಲಿಲ್ಲ. ಹಟ ಎನ್ನುವುದಕ್ಕಿಂತ ಮರೆವು.

ಇಳಿಜಾರಿನಲ್ಲಿ ಹರ್ಡಲ್ ನಿಲ್ಲಿಸಿದಾಗ 600 ಮಿ.ಮೀ. ಕೋಲಿನ ಒಂದು ತುದಿ ನಡುವಿನ ನೆಲದ ಮಟ್ಟದಿಂದ 570 ಮಿ.ಮೀ., ಇನ್ನೊಂದು 630 ಆಗಬಹುದು. ನಾಯಿ ಎಲ್ಲಿಂದ ಹಾರುತ್ತದೆ ಎಂಬುದರ ಮೇಲೆ ಎತ್ತರ ಬದಲಾಗುತ್ತದೆ. ಕೋಲಿನ ನಡುಭಾಗವನ್ನು ಅಳೆದು, ತಗ್ಗಿನ ಕಡೆಯ ಕಾಲಿಗೆ ಪ್ಲೈವುಡ್ ತುಂಡು ಕೊಡಬೇಕು. ಟ್ರೇಲರಿನಲ್ಲಿ ಇಪ್ಪತ್ತು ತುಂಡು ಪ್ಲೈವುಡ್ ಇದ್ದರೆ ಅರ್ಧ ತಲೆನೋವು ಕಡಿಮೆ.

ಸಕ್ಕರೆ ಪೊಟ್ಟಣ

ಅಂದಿನ ದೊಡ್ಡ ಎಡವಟ್ಟು ಸೀಸಾದಲ್ಲಿ. ಮಕ್ಕಳ ಪಾರ್ಕಿನ ಸೀಸಾದ ಹಾಗೆಯೇ: ಸುಮಾರು 3.66 ಮೀ. ಉದ್ದದ ಹಲಗೆ, ನಡುವೆ ಅಚ್ಚು. ನಾಯಿ ಒಂದು ತುದಿಯಿಂದ ಹತ್ತಿ, ನಡು ದಾಟಿ, ಹಲಗೆ ವಾಲಿ ನೆಲ ಮುಟ್ಟುವವರೆಗೆ ಅದರ ಮೇಲೇ ಇದ್ದು, ತುದಿಯ ಬೇರೆ ಬಣ್ಣದ 914 ಮಿ.ಮೀ. ಪಟ್ಟಿಯನ್ನು ಮೆಟ್ಟಿ ಇಳಿಯಬೇಕು. ನೆಲ ಮುಟ್ಟುವ ಮೊದಲೇ ಹಾರಿದರೆ 5 ದೋಷಾಂಕ.

ಇದಕ್ಕೊಂದು ಪರೀಕ್ಷೆ ಇದೆ. ಇಳಿಯುವ ತುದಿಯ ಬಣ್ಣದ ಪಟ್ಟಿಯ ನಡುವೆ 1 ಕೆ.ಜಿ. ತೂಕ ಇಟ್ಟರೆ ಹಲಗೆ 2ರಿಂದ 3 ಸೆಕೆಂಡಿನಲ್ಲಿ ವಾಲಿ ನೆಲ ಮುಟ್ಟಬೇಕು. ಒಂದು ಕಿಲೋ ಸಕ್ಕರೆ ಪೊಟ್ಟಣ, ಒಂದು ಸ್ಟಾಪ್‌ವಾಚ್ ಸಾಕು. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಮಾಡಲಿಲ್ಲ. ಮೊದಲಿಗೆ ಓಡಿದ್ದು ಸಣ್ಣ ನಾಯಿಗಳ ವರ್ಗ, ಹನ್ನೆರಡು ನಾಯಿ. ಮೊದಲನೆಯದೊಂದು ಬಾರ್ಡರ್ ಟೆರಿಯರ್ ಹಲಗೆಯ ನಡು ದಾಟಿತು. ಹಲಗೆ ಅಲುಗಲಿಲ್ಲ. ನಾಯಿ ಇನ್ನೆರಡು ಹೆಜ್ಜೆ ಇಟ್ಟಿತು, ಕೆಳಗೆ ನೋಡಿತು, ಹ್ಯಾಂಡ್ಲರ್ ಮುಖ ನೋಡಿತು, ಪಕ್ಕಕ್ಕೆ ಜಿಗಿಯಿತು. ತೀರ್ಪುಗಾರರು ಕೈ ಎತ್ತಿದರು. ಎರಡನೇ ಸಲ ಹತ್ತಿಸಿದಾಗ ಹಲಗೆ ಇದ್ದಕ್ಕಿದ್ದಂತೆ ದಡಕ್ಕನೆ ಬಿತ್ತು. ಮೂರನೇ ಸಲ ನಾಯಿ ಹತ್ತಲೇ ಇಲ್ಲ. ಹೀಗೆ ಮೂರು ನಾಯಿಗಳು ಅಲ್ಲೇ ಹೊರಗೆ.

ವರ್ಗ ಮುಗಿದ ಮೇಲೆ ಸಕ್ಕರೆ ಇಟ್ಟು ನೋಡಿದರೆ ಆರು ಸೆಕೆಂಡು. ಕಾರಣ ಎರಡು. ಚಳಿಗಾಲವೆಲ್ಲ ಒದ್ದೆ ಟ್ರೇಲರಿನಲ್ಲಿ ಬಿದ್ದಿದ್ದ ಅಚ್ಚಿಗೆ ತುಕ್ಕು. ಜೊತೆಗೆ ಸೀಸಾವನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟಿದ್ದರಿಂದ ಪೀಠ ಒಂದು ಪಕ್ಕಕ್ಕೆ ವಾಲಿ, ಹಲಗೆಯ ಬದಿ ಕಬ್ಬಿಣದ ಚೌಕಟ್ಟಿಗೆ ಉಜ್ಜುತ್ತಿತ್ತು. ಹಾಗೆಂದು ಇಳಿಜಾರಿನ ದಿಕ್ಕಿಗೇ ಮುಖ ಮಾಡಿ ಇಟ್ಟರೆ, ಇಳಿದು ನಿಂತ ಹಲಗೆ ಇನ್ನೂ ಕಡಿದಾಗಿ ನಾಯಿ ಜಾರುತ್ತದೆ. ರಿಂಗಿನಲ್ಲಿ ಒಂದೇ ಒಂದು ಸಮತಟ್ಟಾದ ಜಾಗವಿದ್ದರೆ ಅದು ಸೀಸಾದ್ದು. ಉಳಿದ ಹಾದಿಯನ್ನು ಅದರ ಸುತ್ತ ಬರೆಯಬೇಕು. ಅಂದು ಪೀಠದ ಕೆಳಗೆ ಪ್ಲೈವುಡ್ ಕೊಟ್ಟು, ಅಚ್ಚಿಗೆ ಎಣ್ಣೆ ಬಿಟ್ಟು, ಹಲಗೆಯನ್ನು ಹತ್ತಿಪ್ಪತ್ತು ಸಲ ಆಡಿಸಿದಾಗ ಎರಡೂವರೆ ಸೆಕೆಂಡಿಗೆ ಬಂತು. ಇದಕ್ಕೆ 15 ನಿಮಿಷ ಹೋಯಿತು.

ಒಂದು ಅದೃಷ್ಟ ಎಂದರೆ ರಿಪೇರಿ ನಡೆದದ್ದು ಎರಡು ವರ್ಗಗಳ ನಡುವೆ. ಪ್ರತಿ ಎತ್ತರಕ್ಕೂ ಫಲಿತಾಂಶ ಬೇರೆ ಬೇರೆ ಆದ್ದರಿಂದ, ಸಣ್ಣ ನಾಯಿಗಳೆಲ್ಲ ಒಂದೇ ಬಿಗಿ ಸೀಸಾದ ಮೇಲೆ, ಉಳಿದವೆಲ್ಲ ಸರಿಯಾದದ್ದರ ಮೇಲೆ ಓಡಿದಂತಾಯಿತು. ಒಂದು ವರ್ಗದ ನಡುವೆ ರಿಪೇರಿ ಮಾಡಿದ್ದರೆ ಆ ವರ್ಗವನ್ನು ಮೊದಲಿನಿಂದ ಓಡಿಸದೆ ನ್ಯಾಯ ಇರುತ್ತಿರಲಿಲ್ಲ. ಆದರೂ ಹೆದರಿದ ಆ ಟೆರಿಯರ್‌ಗೆ ಸೀಸಾವನ್ನು ಮತ್ತೆ ಮೊದಲಿನಿಂದ ಕಲಿಸಬೇಕು: ತುದಿಯ ಕೆಳಗೆ ದಿಂಬಿಟ್ಟು, ಅಂಗೈ ಅಗಲದಷ್ಟು ಮಾತ್ರ ವಾಲುವಂತೆ ಮಾಡಿ, ವಾರಗಟ್ಟಲೆ. ಅದನ್ನು ಯಾವ ಫಲಿತಾಂಶ ಪಟ್ಟಿಯೂ ತೋರಿಸುವುದಿಲ್ಲ.

ಹಾದಿ ಮತ್ತು ಅದರ ದಿಕ್ಕು

ಹಾದಿ 18 ಅಡೆತಡೆಗಳದು, ಉದ್ದ 150 ಮೀಟರು. ಸೆಕೆಂಡಿಗೆ 3.75 ಮೀ. ವೇಗ ಹಿಡಿದು 40 ಸೆಕೆಂಡು ಕೊಟ್ಟಿದ್ದರು. ಆ ಲೆಕ್ಕ ಸರಿಯೇ. ತಪ್ಪಿದ್ದು ಹಾದಿ ಯಾವ ಕಡೆಗೆ ಮುಖ ಮಾಡಿದೆ ಎಂಬುದರಲ್ಲಿ. 1ರಿಂದ 3ರವರೆಗಿನ ಹರ್ಡಲ್‌ಗಳು ನೇರವಾಗಿ ಆಗ್ನೇಯ ಮೂಲೆಗೆ ಗುರಿಯಿಟ್ಟಿದ್ದವು. ಆ ಮೂಲೆಯ ಹಗ್ಗದಾಚೆ ಇಡೀ ಹಂದಿಯನ್ನು ಸುಡುವ ಗಾಡಿ, ಗಾಳಿ ಆ ಕಡೆಯಿಂದಲೇ. ಹ್ಯಾಂಡ್ಲರ್ ಹಿಂದೆ ಉಳಿದು, ನಾಯಿ ಪೂರ್ತಿ ವೇಗದಲ್ಲಿ ಮುಂದೆ ಹೋಗುವ ಜಾಗ ಅದು. ಎರಡು ನಾಯಿಗಳು ನಾಲ್ಕನೆಯ ಟನಲ್ ಬಿಟ್ಟು ಸೀದಾ ಹೊರಟವು. ಅವುಗಳಲ್ಲಿ ಒಂದು ಲರ್ಚರ್, ಅಂದರೆ ಗ್ರೇಹೌಂಡ್ ಜಾತಿಯ ನಾಯಿಗೆ ಬೇರೆ ತಳಿ ಬೆರೆತದ್ದು. ಮುಧೋಳ ನಾಯಿ ಸಾಕಿದವರಿಗೆ ಈ ಸ್ವಭಾವ ಗೊತ್ತು: ನೇರದಲ್ಲಿ ಬಾಣ, ತಿರುವಿನಲ್ಲಿ ಕಷ್ಟ, ಕಣ್ಣಿಗೆ ಏನಾದರೂ ಓಡುವುದು ಬಿದ್ದರೆ ಕಿವಿ ಮುಚ್ಚಿದ ಹಾಗೆ.

ಪರಿಹಾರಕ್ಕೆ ಬುದ್ಧಿವಂತಿಕೆ ಬೇಡ, ಮೂಗು ಸಾಕು. ಕಾಗದದ ಮೇಲೆ ಹಾದಿ ಬರೆದುಕೊಂಡು ಬಂದ ತೀರ್ಪುಗಾರರು ಮೊದಲು ರಿಂಗಿನ ಸುತ್ತ ಒಮ್ಮೆ ನಡೆಯಬೇಕು. ವಾಸನೆ ಎಲ್ಲಿಂದ ಬರುತ್ತಿದೆ, ಮಕ್ಕಳು ಎಲ್ಲಿ ಕೂತಿದ್ದಾರೆ, ಧ್ವನಿವರ್ಧಕ ಎಲ್ಲಿದೆ ನೋಡಬೇಕು. ವೇಗದ ನೇರ ಗೆರೆಗಳನ್ನು ಖಾಲಿ ಬದಿಗೆ ತಿರುಗಿಸಬೇಕು. ಆರಂಭ ಮತ್ತು ಕೊನೆಯ ಗೆರೆಗಳು ಪ್ರವೇಶದ್ವಾರದ ಹತ್ತಿರ ಇರಬೇಕು, ಆಗ ಮುಗಿಸಿದ ನಾಯಿ ತನ್ನ ಲೀಶ್ ಇರುವ ಕಡೆಗೇ ಓಡುತ್ತದೆ. ಒಂದೇ ಹಗ್ಗ ಸಾಲದು. ಒಂದು ಮೀಟರ್ ಎತ್ತರದ ಪ್ಲಾಸ್ಟಿಕ್ ಜಾಲರಿ ಬೇಲಿ ಬೇಕು. ಹಗ್ಗ ಮನುಷ್ಯರಿಗೆ ಮಾತ್ರ ಅರ್ಥವಾಗುತ್ತದೆ.

ವೀವ್ ಕಂಬಗಳ ವಿಷಯ ಇನ್ನೂ ಸೂಕ್ಷ್ಮ. ಹನ್ನೆರಡು ಕಂಬ, ಎರಡರ ನಡುವೆ 600 ಮಿ.ಮೀ., ಒಟ್ಟು ಸಾಲು 6.6 ಮೀಟರು. ನಾಯಿ ಮೊದಲ ಕಂಬವನ್ನು ತನ್ನ ಎಡ ಹೆಗಲಿಗೆ ಬಿಟ್ಟುಕೊಂಡು ಒಳನುಗ್ಗಿ, ಆಮೇಲೆ ಬಲಕ್ಕೆ, ಎಡಕ್ಕೆ ಎಂದು ಹೆಣೆದುಕೊಂಡು ಹೋಗಬೇಕು. ಅಜಿಲಿಟಿಯಲ್ಲಿ ನಾಯಿಗೆ ತಾನಾಗಿ ಬಾರದ ಕೆಲಸಗಳಲ್ಲಿ ಇದು ಮುಖ್ಯ. ಹಾರುವುದು, ನುಸುಳುವುದು, ಹತ್ತುವುದು ಅದಕ್ಕೆ ಹುಟ್ಟಿನಿಂದ ಬರುತ್ತದೆ. ನೆಟ್ಟ ಕಂಬಗಳ ನಡುವೆ ಹಾವಿನ ಹಾಗೆ ಹೋಗುವುದಕ್ಕೆ ಅದಕ್ಕೆ ಯಾವ ಕಾರಣವೂ ಕಾಣುವುದಿಲ್ಲ. ಹಾಗಾಗಿ ಮನಸ್ಸು ಒಂದಿಷ್ಟು ಕದಡಿದರೂ ಮೊದಲು ಕೆಡುವುದು ಇದೇ. ಅಂದು ಸಾಲನ್ನು ಜನರ ಹಗ್ಗಕ್ಕೆ ಸಮಾನಾಂತರವಾಗಿ, ಬರೀ 1.2 ಮೀ. ದೂರದಲ್ಲಿ ಇಟ್ಟಿದ್ದರು, ಜನರಿಗೆ ಚೆನ್ನಾಗಿ ಕಾಣಲಿ ಎಂದು. ಹಗ್ಗದಡಿ ಕಾಲು ಚಾಚಿ ಕೂತ ಮಕ್ಕಳು, ಕೈಯಲ್ಲಿ ಐಸ್‌ಕ್ರೀಮ್. ಹಿಂದಿನ ಹರ್ಡಲ್ಲಿನಿಂದ ನಾಯಿ ಬಳಸಿಕೊಂಡು ವೇಗವಾಗಿ ಬರುತ್ತದೆ, ಮೊದಲ ಸಂದನ್ನು ದಾಟಿ ಎರಡನೆಯದಕ್ಕೆ ನುಗ್ಗುತ್ತದೆ. ಇದಕ್ಕೆ 5 ದೋಷಾಂಕ. ವಾಪಸು ತಂದು ಸರಿಯಾಗಿ ಮಾಡಿಸದೆ ಮುಂದಿನದಕ್ಕೆ ಹೋದರೆ ಎಲಿಮಿನೇಷನ್. ಒಂಬತ್ತು ನಾಯಿಗಳು ಹೀಗೆ ಹೋದವು. ಸಾಲನ್ನು ಹಗ್ಗದಿಂದ ಐದು ಮೀಟರ್ ಒಳಕ್ಕೆ ಸರಿಸಿ, ಹಿಂದಿನ ಹರ್ಡಲನ್ನು ಸಾಲಿನ ನೇರಕ್ಕೆ ತಂದು, ಹನ್ನೆರಡರ ಬದಲು ಆರು ಕಂಬ ಹಾಕಿದ್ದರೆ ಮೇಳದ ಮಟ್ಟಕ್ಕೆ ಸರಿಹೋಗುತ್ತಿತ್ತು. ನಿಯಮವೂ 5ರಿಂದ 12ರವರೆಗೆ ಬಿಡುತ್ತದೆ.

ಇನ್ನಾರು ನಾಯಿಗಳು ಎ-ಫ್ರೇಮ್ ಹತ್ತಬೇಕಿದ್ದಲ್ಲಿ ಅದರ ಬುಡದಲ್ಲಿ ಬಾಯಿ ತೆರೆದಿದ್ದ ಟನಲ್ಲಿಗೆ ನುಗ್ಗಿದವು. ಕ್ರಮ ತಪ್ಪಿದರೆ ನೇರ ಎಲಿಮಿನೇಷನ್. ಎ-ಫ್ರೇಮ್ ಎಂದರೆ 2.74 ಮೀ. ಉದ್ದದ ಎರಡು ಹಲಗೆಗಳನ್ನು ಗೋಪುರದ ಹಾಗೆ ನಿಲ್ಲಿಸಿದ್ದು. ಅದರ ಬಗಲಲ್ಲೇ ಟನಲ್ ಇಟ್ಟು ಆರಿಸಲು ಬಿಡುವುದು ಪಳಗಿದ ನಾಯಿಗಳಿಗೆ ಒಡ್ಡುವ ಪರೀಕ್ಷೆ. ವಾರಕ್ಕೊಮ್ಮೆ ಪಾಠಕ್ಕೆ ಬರುವ ನಾಯಿಗಳ ಮುಂದೆ ಅದನ್ನಿಡುವುದು ಒಂದನೇ ತರಗತಿಗೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. ಉಳಿದೊಂದು ನಾಯಿ ರಿಂಗಿನೊಳಗೆ ಮಲವಿಸರ್ಜನೆ ಮಾಡಿ ಹೊರಬಿತ್ತು. ಅದಕ್ಕೆ ಹಾದಿ ಬರೆದವರನ್ನು ದೂರಲಾಗದು, ಸಾಲಿನಲ್ಲಿ ಬೇಗ ಕರೆದು ನಿಲ್ಲಿಸಿದವರನ್ನು ದೂರಬಹುದು.

ಗುಂಡಿನ ಸದ್ದು 11:30ಕ್ಕೆ

ಪಕ್ಕದ ರಿಂಗಿನಲ್ಲಿ ಬೇಟೆನಾಯಿಗಳ ಪ್ರದರ್ಶನ: ಖಾಲಿ ತೋಟಾ ಹೊಡೆದು ಬಟ್ಟೆಯ ಗೊಂಬೆಯನ್ನು ದೂರ ಹಾರಿಸುವುದು, ಲ್ಯಾಬ್ರಡಾರ್ ಹೋಗಿ ಕಚ್ಚಿಕೊಂಡು ಬರುವುದು. ಮೇಳದ ಕಾರ್ಯಕ್ರಮ ಪಟ್ಟಿಯಲ್ಲಿ 11:30 ಎಂದು ಅಚ್ಚಾಗಿಯೇ ಇತ್ತು. ಅಜಿಲಿಟಿಗೆ ಬರುವ ನಾಯಿಗಳಲ್ಲಿ ಕುರಿ ಕಾಯುವ ತಳಿಯಾದ ಬಾರ್ಡರ್ ಕೋಲಿಗಳೇ ಬಹಳ. ಸದ್ದಿಗೆ ಬೆದರುವವು ಅವುಗಳಲ್ಲಿ ಕಡಿಮೆಯೇನಿಲ್ಲ. ಮೊದಲ ಗುಂಡಿಗೇ ಡಾಗ್ ವಾಕ್‌ನ ಮೇಲಿದ್ದ ಕೋಲಿಯೊಂದು, ನೆಲದಿಂದ ಮನುಷ್ಯನ ಎದೆಮಟ್ಟದಲ್ಲಿದ್ದ ಹಲಗೆಯಿಂದ ಜಿಗಿದು ಹಗ್ಗದಡಿ ಓಡಿತು. ಸಿಕ್ಕಿದ್ದು ಉಗಿ ಎಂಜಿನ್‌ಗಳ ಆಚೆ, ಕಾರುಗಳ ನಡುವೆ. ಹೊರಗಿನ ಅಡಚಣೆಯಿಂದ ಓಟ ಕೆಟ್ಟರೆ ಮತ್ತೆ ಓಡಿಸುವ ಅಧಿಕಾರ ತೀರ್ಪುಗಾರರಿಗಿದೆ, ಅವರು ಕರೆದರು ಕೂಡ. ಹ್ಯಾಂಡ್ಲರ್ ಬೇಡವೆಂದರು. ಸರಿಯಾದ ತೀರ್ಮಾನ. ಬೆದರಿದ ನಾಯಿಯನ್ನು ಅದೇ ಹಲಗೆಗೆ ಅದೇ ಗಳಿಗೆಯಲ್ಲಿ ಹತ್ತಿಸಿದರೆ ಭಯ ಹಲಗೆಗೆ ಅಂಟಿಕೊಳ್ಳುತ್ತದೆ.

ಹುಡುಕಾಟ, ಅದೇ ಗುಂಡಿನಿಂದ ಕೆಟ್ಟ ಇನ್ನೊಂದೆರಡು ಓಟಗಳನ್ನು ಮತ್ತೆ ಓಡಿಸುವುದು, ಎಲ್ಲ ಸೇರಿ 12 ನಿಮಿಷ. ಗುಂಡು ಹಾರಿಸುವುದನ್ನು ನಿಲ್ಲಿಸಿ ಎಂದು ಕೇಳುವ ಹಕ್ಕು ಅಜಿಲಿಟಿಯವರಿಗಿಲ್ಲ. ಮೇಳದಲ್ಲಿ ಎಲ್ಲರೂ ನೆಂಟರೇ. ಆದರೆ ಎಲ್ಲ ರಿಂಗುಗಳ ಕಾರ್ಯಕ್ರಮ ಪಟ್ಟಿಯನ್ನು ಮೊದಲೇ ತರಿಸಿಕೊಂಡು, ಆ ಇಪ್ಪತ್ತು ನಿಮಿಷವನ್ನೇ ಹಾದಿ ನಡೆದು ನೋಡುವುದಕ್ಕೆ, ಕೋಲು ಏರಿಸುವುದಕ್ಕೆ ಇಟ್ಟುಕೊಳ್ಳಬಹುದಿತ್ತು. ಆಗ ನಾಯಿಗಳೆಲ್ಲ ಲೀಶ್‌ನಲ್ಲಿ, ಒಡೆಯರ ಕಾಲ ಬುಡದಲ್ಲಿ ಇರುತ್ತವೆ.

ಮಧ್ಯಾಹ್ನ

ಎರಡು ಗಂಟೆಗೆ ಮುಖ್ಯ ರಿಂಗಿನಲ್ಲಿ 25 ನಿಮಿಷದ ಪ್ರದರ್ಶನ. ಬಿಸಿಲು 27 ಡಿಗ್ರಿ. ಕ್ಲಬ್ಬು ಅದನ್ನು 15 ನಿಮಿಷಕ್ಕೆ ಇಳಿಸಿತು, ಎಂಟು ನಾಯಿಗಳಿಗೆ ತಲಾ ಎರಡು ಓಟ. ಭಾರದ ಸಾಮಾನು ಬಿಟ್ಟು ಹರ್ಡಲ್, ಟನಲ್, ವೀವ್ ಮಾತ್ರ ಎರಡು ಸಮಾನಾಂತರ ಸಾಲಾಗಿ ಹಾಕಿ, ಎರಡೆರಡು ನಾಯಿಗಳನ್ನು ಪೈಪೋಟಿಗೆ ಬಿಟ್ಟರು. ಇದು ಅಂದು ಚೆನ್ನಾಗಿ ನಡೆದ ಭಾಗ, ಹೆಚ್ಚು ಹೇಳುವುದೇನೂ ಇಲ್ಲ. ಜನರಿಗೆ ನಿಯಮ ಗೊತ್ತಿಲ್ಲದಿದ್ದರೂ ಯಾವ ನಾಯಿ ಮುಂದೆ ಎಂಬುದು ಗೊತ್ತಾಗುತ್ತದೆ, ಕುಸ್ತಿ ನೋಡಿದ ಹಾಗೆ ಕೂಗುತ್ತಾರೆ. ಕಾಯುವ ನಾಯಿಗಳಿಗೆ 3 ಮೀ. × 3 ಮೀ. ನೆರಳಿನ ಚಪ್ಪರ, ಎರಡು ಬಕೆಟ್ ನೀರು ಇತ್ತು. ಕಾರಿನಲ್ಲಿ ಬಿಟ್ಟಿರಲಿಲ್ಲ. ಹೊರಗೆ 22 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟಬಹುದು ಎಂದು ಅಲ್ಲಿನ ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಎಚ್ಚರಿಸುತ್ತಲೇ ಬಂದಿದೆ.

ಮೂರು ಗಂಟೆಗೆ ಸಾರ್ವಜನಿಕರ ಸರದಿ. ಒಬ್ಬರಿಗೆ 2 ಪೌಂಡು, ಮೂರು ನಿಮಿಷ. ಹೆಚ್ಚು ಅಪಾಯ ಇರುವುದು ಇಲ್ಲೇ, ಯಾಕೆಂದರೆ ಬರುವ ನಾಯಿ ಎಂಥದೆಂದು ಯಾರಿಗೂ ಗೊತ್ತಿಲ್ಲ. ಲೀಶ್ ಬಿಚ್ಚುವಂತಿಲ್ಲ ಎಂದು ಹಲಗೆ ಬರೆದು ಹಾಕಿದ್ದರು, ಅದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಎಕ್ಸ್‌ಎಲ್ ಬುಲ್ಲಿಯಂಥ ನಿಷೇಧಿತ ಬಗೆಯ ನಾಯಿಗಳಿಗೆ ಸಾರ್ವಜನಿಕ ಜಾಗದಲ್ಲಿ ಬಾಯಿಕುಕ್ಕೆ, ಲೀಶ್ ಎರಡೂ ಕಡ್ಡಾಯ. ಅವನ್ನು ನಯವಾಗಿ ವಾಪಸು ಕಳಿಸಬೇಕು. ಆದರೆ ಯಾವ ಲೀಶ್ ಎಂದು ಹಲಗೆಯಲ್ಲಿ ಬರೆದಿರಲಿಲ್ಲ. ಸ್ಪೇನಿಯಲ್ ಬಂದದ್ದು ಡಬ್ಬಿಯೊಳಗಿಂದ ಸರಸರ ಬಿಚ್ಚಿಕೊಳ್ಳುವ ದಾರದ ಲೀಶ್‌ನಲ್ಲಿ. ನಾಯಿ ಹಾರಿತು, ದಾರ ಹರ್ಡಲ್ಲಿನ ಪಕ್ಕದ ರೆಕ್ಕೆಗೆ, ಕೋಲು ಕೂರುವ ಬಟ್ಟಲಿಗೆ ಸಿಕ್ಕಿತು. ನಾಯಿ ಗಾಳಿಯಲ್ಲೇ ಹಿಂದಕ್ಕೆ ಸೆಳೆದು ಹರ್ಡಲ್ ಮೇಲೆ ಬಿತ್ತು. ಮುಂಗಾಲಿನ ಒಳಬದಿಯ ಮೇಲುಗುರು ಬಟ್ಟಲಿಗೆ ಸಿಕ್ಕಿ ಬುಡದಿಂದ ಕಿತ್ತಿತು. ಬಹಳ ರಕ್ತ, ಬಹಳ ಅರಚಾಟ. ಗಾಯ ಸಣ್ಣದೇ, ಒತ್ತಿ ಹಿಡಿದು ಬ್ಯಾಂಡೇಜ್ ಸುತ್ತಿ ಪಶುವೈದ್ಯರ ಹತ್ತಿರ ಕಳಿಸಿದರು. ಸಾಲಿನಲ್ಲಿದ್ದ ಮಕ್ಕಳು ಅಳುತ್ತಾ ಹೊರಟುಹೋದರು.

ಈ ಹೊತ್ತಿಗೆ ಬೇಕಾದ ಜೋಡಣೆಯೇ ಬೇರೆ. ರೆಕ್ಕೆ ಇಲ್ಲದ ಹರ್ಡಲ್ ನಾಲ್ಕು, ಕೋಲು ನೆಲದಿಂದ 150 ಮಿ.ಮೀ.; ಒಂದು ವರ್ಷ ತುಂಬದ ನಾಯಿಗೆ ಕೋಲು ನೆಲದ ಮೇಲೇ. ಪರವಾನಗಿ ಸ್ಪರ್ಧೆಗೆ 18 ತಿಂಗಳ ಒಳಗಿನ ನಾಯಿಯನ್ನು ಬಿಡುವುದೇ ಇಲ್ಲ ಎಂಬುದನ್ನು ಒಡೆಯರಿಗೆ ಹೇಳಿದರೆ ಬೇಸರಪಡುವುದಿಲ್ಲ. ಒಂದು ನೇರ ಟನಲ್, 3 ಮೀಟರಿನದು, ಮೀಟರಿಗೆ ಒಂದು ಜೊತೆ ಮರಳು ಚೀಲ. ಸೀಸಾ, ಡಾಗ್ ವಾಕ್ ಮಡಚಿ ಟ್ರೇಲರಿಗೆ. ಗೇಟಿನಲ್ಲಿ ಒಬ್ಬರು ನಿಂತು, ಬಂದ ಲೀಶನ್ನು ತೆಗೆಸಿ, ಕ್ಲಬ್ಬಿನದೇ 1.5 ಮೀ. ಉದ್ದದ ಬಟ್ಟೆಯ ಲೀಶ್ ಹಾಕಿಕೊಡಬೇಕು. ಅದರ ತುದಿಯಲ್ಲಿ ಕೈ ಹಾಕುವ ಕುಣಿಕೆ ಇರಬಾರದು, ಸಿಕ್ಕಿಕೊಳ್ಳುವುದು ಅದೇ. ಟನಲ್ಲಿಗೆ ನಾಯಿ ಬಿಡುವಾಗ ಸಹಾಯಕರು ಒಂದು ಬಾಯಲ್ಲಿ ನಾಯಿಯನ್ನು ಹಿಡಿದುಕೊಳ್ಳುತ್ತಾರೆ, ಒಡೆಯರು ಇನ್ನೊಂದು ಬಾಯಿಗೆ ಹೋಗಿ ಬಗ್ಗಿ ಮುಖ ತೋರಿಸಿ ಕರೆಯುತ್ತಾರೆ, ಸಹಾಯಕರು ಲೀಶನ್ನು ನಾಯಿಯ ಹಿಂದೆ ಸಡಿಲ ಬಿಟ್ಟು ಕಳಿಸುತ್ತಾರೆ. ಹೆಚ್ಚಿನ ನಾಯಿಗಳು ಎರಡನೇ ಸಲಕ್ಕೆ ತಾವಾಗಿ ನುಗ್ಗುತ್ತವೆ. ಅಂದು ಸ್ಪೇನಿಯಲ್ ಘಟನೆಯ ಮೇಲೆ ಕ್ಲಬ್ಬು ಮಾಡಿದ್ದೂ ಅದನ್ನೇ. ಕೊನೆಯ ನಲವತ್ತು ನಿಮಿಷದಲ್ಲಿ ಹದಿಮೂರು ನಾಯಿಗಳು ಟನಲ್ ದಾಟಿದವು, ಒಂದು ಹದಿನಾಲ್ಕು ವರ್ಷದ ಕುಂಟು ಲ್ಯಾಬ್ರಡಾರ್ ಸೇರಿ. ಅದಕ್ಕೆ ಹೆಚ್ಚು ಚಪ್ಪಾಳೆ.

ಮೇಳ ಮುಗಿದು ವಾಹನಗಳನ್ನು ಒಳಗೆ ಬಿಟ್ಟದ್ದು ಸಂಜೆ 5:30ಕ್ಕೆ. ಈ ಸಲ ಟ್ರೇಲರಿನ ತಳಕ್ಕೆ ಟನಲ್‌ಗಳು ಹೋದವು, ಅವುಗಳ ಮೇಲೆ ಹರ್ಡಲ್, ಬಾಗಿಲ ಬಳಿ ಮರಳು ಚೀಲ. ಸೀಸಾದ ಅಚ್ಚಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿದರು. ಮುಂದಿನ ವರ್ಷಕ್ಕೆ ಮೇಳದ ಕಚೇರಿಗೆ ಬರೆದ ಕಾಗದದಲ್ಲಿ ಮೂರೇ ಬೇಡಿಕೆ: ಹಿಂದಿನ ಸಂಜೆಯೇ ಸಾಮಾನು ಇಳಿಸಲು ಗೇಟ್ ತೆರೆಯಬೇಕು, ಹುಲ್ಲನ್ನು ವಾರ ಮೊದಲು ಕೊಯ್ಯಬೇಕು, ಹಂದಿ ಸುಡುವ ಗಾಡಿ ಬೇರೆ ಮೂಲೆಗೆ ಹೋಗಬೇಕು. ನಾಯಿಗಳ ಸಂಖ್ಯೆ 28 ಎಂದು ಅದರಲ್ಲೇ ಬರೆದಿತ್ತು. ಹಣದ ಡಬ್ಬಿಯ ಪಕ್ಕದಲ್ಲಿ ಒಂದು ಕಿಲೋ ಸಕ್ಕರೆ ಪೊಟ್ಟಣ, ಇರುವೆ ಮುತ್ತದಂತೆ ಎರಡು ಕವರಿನಲ್ಲಿ ಕಟ್ಟಿ.